ರಸಮಂಜರಿ ತಂಡ ಚೆನ್ನಾಗಿ ನಡೆಯುತ್ತಿದೆ, ಆದರೆ ಪಾರ್ಟ್ನರ್‌ಗೆ ಈಗ ಎಲ್ಲರ ಮೇಲೂ ಅನುಮಾನ. ಏನು ಮಾಡಲಿ?

ಗೋಡೌನ್ ಬೀಗ, ಅಂಕೋಲಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನು ಮತ್ತು ನನ್ನ ಬಾಲ್ಯದ ಗೆಳೆಯ 11 ವರ್ಷದ ಹಿಂದೆ ಒಂದು ಮೈಕ್ ಸೆಟ್, ಎರಡು ಬಾಕ್ಸ್ ಇಟ್ಟುಕೊಂಡು ಶುರು ಮಾಡಿದೆವು. ಈಗ ನಮ್ಮದು ರಸಮಂಜರಿ ತಂಡ, ಡಿಜೆ, ಲೈಟಿಂಗ್, ಎಲ್‌ಇಡಿ ವಾಲ್, ಸ್ವಂತ ಜನರೇಟರ್. ಚೌತಿಯಿಂದ ಬೇಸಿಗೆಯ ಬಂಡಿಹಬ್ಬದ ತನಕ ಒಂದು ಶನಿವಾರವೂ ಖಾಲಿ ಇರುವುದಿಲ್ಲ. ಗೋಕರ್ಣದ ಕಡೆ ರೆಸಾರ್ಟ್‌ಗಳ ಪಾರ್ಟಿಯೂ ಬರುತ್ತದೆ. ದೇವರ ದಯೆ, ದುಡ್ಡಿಗೆ ತೊಂದರೆ ಇಲ್ಲ.

ಎರಡು ವರ್ಷದ ಹಿಂದೆ ನಮ್ಮ ರಿದಮ್ ಪ್ಯಾಡ್ ಹುಡುಗ ಬಿಟ್ಟು ಹೋಗಿ ಸ್ವಂತ ತಂಡ ಕಟ್ಟಿದ. ಹೆಸರು ನಮ್ಮದರ ಹಾಗೇ ಕೇಳುತ್ತದೆ. ಹಾಡಿನ ಸಾಲು, ನಡುವೆ ಬರುವ ಕಾಮಿಡಿ, ಕೊನೆಯ ಕುಣಿತದ ಹಾಡುಗಳು, ಎಲ್ಲ ನಮ್ಮದೇ. ಅಲ್ಲಿಂದ ನನ್ನ ಪಾರ್ಟ್ನರ್ ಬದಲಾಗಿಬಿಟ್ಟ. ಗೋಡೌನಿಗೆ ಕ್ಯಾಮೆರಾ ಹಾಕಿಸಿದ. ಅದು ಕಾಣುವುದು ಅವನ ಮೊಬೈಲಿನಲ್ಲಿ ಮಾತ್ರ. ಕಾರ್ಯಕ್ರಮ ಮುಗಿಯುವ ತನಕ ಗಾಯಕರ ಮೊಬೈಲು ಒಂದು ಚೀಲದಲ್ಲಿ ಹಾಕಿಸುತ್ತಾನೆ. ಡೇಟ್ ಬರೆಯುವ ಡೈರಿ ಅವನ ಸ್ಕೂಟಿಯ ಸೀಟಿನ ಕೆಳಗೆ. ನನಗೂ ಕೊಡುವುದಿಲ್ಲ.

ಈ ವರ್ಷ ಮೂರು ಸಲ ತೊಂದರೆ ಆಯಿತು. ಕುಮಟಾ ಕಡೆಯ ಒಂದು ಕಾರ್ಯಕ್ರಮದಲ್ಲಿ ಸ್ಟೇಜಿನ ಕೇಬಲ್ ತುಂಡಾಯಿತು. ಚೌತಿಯ ಮೊದಲ ದಿನ ಹಾಡಿನ ಮಧ್ಯದಲ್ಲೇ ಜನರೇಟರ್ ನಿಂತಿತು, ಡೀಸೆಲ್‌ನಲ್ಲಿ ನೀರಿತ್ತು. ಇನ್ನೊಂದು ಊರಲ್ಲಿ ರಾತ್ರಿ 10 ದಾಟಿ ಹತ್ತು ನಿಮಿಷಕ್ಕೆ ಪೊಲೀಸರು ಬಂದರು. ಮೂರೂ ಆ ಹುಡುಗನದೇ ಕೆಲಸ ಎಂದು ಇವನು ಹೇಳುತ್ತಾನೆ. ಹೋದ ವಾರ ನನ್ನ ಮುಖ ನೋಡಿಕೊಂಡೇ "ಒಳಗಿನವರೇ ರೇಟ್ ಹೇಳುತ್ತಿದ್ದಾರೆ" ಎಂದ. ಆಮೇಲೆ "ಅವನ ಸೆಟ್ಟಿಗೆ ಒಂದು ದಿನ ಬೆಂಕಿ ಬಿದ್ದರೆ ಗೊತ್ತಾಗುತ್ತದೆ" ಎಂದೂ ಹೇಳಿದ. ಸಿಟ್ಟಿನ ಮಾತು ಇರಬಹುದು. ಆದರೆ ಅವತ್ತಿನಿಂದ ನನಗೆ ನಿದ್ದೆ ಇಲ್ಲ.

ನಮ್ಮ ಮಧ್ಯೆ ಕಾಗದಪತ್ರ ಏನೂ ಇಲ್ಲ. ಅಪ್ಪನ ಆಪರೇಷನ್ ಹೊತ್ತಿಗೆ ಕೇಳದೇ ದುಡ್ಡು ತಂದುಕೊಟ್ಟವನು ಇವನೇ. ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಹೀಗೇ ಇರಲೂ ಆಗುತ್ತಿಲ್ಲ.

ಕಾಳಿ ಸಂಗಮ

ಬಿಟ್ಟುಬಿಡಿ ಅಣ್ಣ. ದುಡ್ಡು ಮತ್ತೆ ಬರುತ್ತದೆ, ನಿದ್ದೆ ಬರುವುದಿಲ್ಲ.

ಬಾಕ್ಸ್ ಕಟ್ಟುವವ, ಕುಮಟಾ

ನಾನು ಇದೇ ಲೈನಿನಲ್ಲಿ 19 ವರ್ಷದಿಂದ ಇದ್ದೇನೆ. ಬಿಡುವ ಮಾತು ಆಮೇಲೆ ಇರಲಿ, ಮೊದಲು ಡೀಸೆಲ್ ವಿಷಯ.

ನಿಮ್ಮ ಜನರೇಟರ್ ಮೇ ಕೊನೆಯಿಂದ ಚೌತಿಯ ತನಕ ನಿಂತೇ ಇತ್ತು, ಅಲ್ವಾ? ಟ್ಯಾಂಕ್ ಅರ್ಧ ಖಾಲಿ ಇತ್ತಾ? ಹಾಗಿದ್ದರೆ ಯಾರೂ ನೀರು ಹಾಕಬೇಕಾಗಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಟ್ಯಾಂಕಿನ ಗೋಡೆ ಮೇಲೆ ಹನಿ ಕಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ. ಹನಿ ಹನಿಯಾಗಿ ತಳಕ್ಕೆ ಇಳಿದು ಕೂರುತ್ತದೆ. ಚೌತಿಗೆ ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆ ಚಂದ ಓಡಿ, ಲೋಡ್ ಬಿದ್ದಾಗ ಕೆಮ್ಮಿ ನಿಲ್ಲುತ್ತದೆ. ನನಗೇ ಎರಡು ಸಲ ಹೀಗಾಗಿದೆ. ಮೊದಲನೇ ಸಲ ನಾನೂ ನಮ್ಮ ಡ್ರೈವರ್ ಮೇಲೆ ಕೂಗಾಡಿದ್ದೆ. ಪಾಪ, ಅವನು ಮರುವರ್ಷ ಕೆಲಸಕ್ಕೆ ಬರಲೇ ಇಲ್ಲ. ಇವತ್ತಿಗೂ ಬೇಜಾರಿದೆ.

ಇನ್ನು ಕೇಬಲ್. ತುಂಡಾದ ಜಾಗ ನೋಡಿ. ತಾಮ್ರದ ಎಳೆಗಳೆಲ್ಲ ಒಂದೇ ಮಟ್ಟಕ್ಕೆ ನಿಂತಿದ್ದರೆ ಕತ್ತಿಯೋ ಕಟ್ಟರೋ ತಾಗಿದೆ. ಒಂದು ಉದ್ದ, ಒಂದು ಗಿಡ್ಡ ಇದ್ದು ಮೇಲಿನ ರಬ್ಬರು ಚಪ್ಪಟೆ ಆಗಿದ್ದರೆ ಸ್ಟೇಜಿನ ಕಾಲು ಕೂತಿದೆ, ಇಲ್ಲಾ ಗಾಡಿಯ ಚಕ್ರ ಹತ್ತಿದೆ. ಹಲ್ಲಿನ ಗುರುತಿದ್ದರೆ ಹೆಗ್ಗಣ. ತುಂಡನ್ನು ಎಸೆದಿಲ್ಲ ತಾನೇ?

ಗೋಡೌನ್ ಬೀಗ, ಅಂಕೋಲಾ

ಎಸೆದಿಲ್ಲ. ಪಾರ್ಟ್ನರ್ ಅದನ್ನು "ಸಾಕ್ಷಿ" ಎಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟಿದ್ದಾನೆ. ನಾಳೆ ನೋಡಿ ಹೇಳುತ್ತೇನೆ. ಜನರೇಟರ್ ಮಾತ್ರ ನೀವು ಹೇಳಿದ ಹಾಗೇ ಮೂರು ತಿಂಗಳು ನಿಂತಿತ್ತು.

ಬೆಳ್ಳಿ ಮೋಡ

ಎಲ್ಲದಕ್ಕೂ ವಿಜ್ಞಾನ ಹೇಳಿದರೆ ಹೇಗೆ? ಈ ಲೈನಿನಲ್ಲಿ ಒಬ್ಬರಿಗೊಬ್ಬರು ತೊಂದರೆ ಕೊಡುವುದು ಇದ್ದೇ ಇದೆ. ನಮ್ಮ ಊರಲ್ಲಿ ಒಂದು ತಂಡದವರು ಇನ್ನೊಂದು ತಂಡದ ಗಾಯಕಿಗೆ ಕಾರ್ಯಕ್ರಮದ ದಿನವೇ ಜಾಸ್ತಿ ದುಡ್ಡು ಕೊಟ್ಟು ಕರೆದುಕೊಂಡು ಹೋಗಿದ್ದನ್ನು ನಾನೇ ನೋಡಿದ್ದೇನೆ. ಅನುಮಾನ ಪಡುವವನೆಲ್ಲ ಹುಚ್ಚ ಅಲ್ಲ.

ಬಾಕ್ಸ್ ಕಟ್ಟುವವ, ಕುಮಟಾ

ಹುಚ್ಚ ಎಂದು ನಾನು ಎಲ್ಲಿ ಹೇಳಿದೆ? ನೋಡಿ ಆಮೇಲೆ ಹೇಳಿ ಎಂದೆ, ಅಷ್ಟೇ.

ಚೌಕಿ ದೀಪ, ಹೊನ್ನಾವರ

ಯಕ್ಷಗಾನದವರ ಕಡೆಯಿಂದ ಒಂದು ಮಾತು. ನಮ್ಮ ಜಿಲ್ಲೆಗೆ ರಾತ್ರಿ ಮನರಂಜನೆಯ ಪೈಪೋಟಿ ಹೊಸದಲ್ಲ. ಟೆಂಟ್ ಮೇಳಗಳ ಕಾಲದಲ್ಲಿ ಒಬ್ಬ ಹೆಸರಾಂತ ಕಲಾವಿದ ಮುಂದಿನ ತಿರುಗಾಟಕ್ಕೆ ಯಾವ ಮೇಳ ಎಂಬುದೇ ಮಳೆಗಾಲದ ದೊಡ್ಡ ಸುದ್ದಿ. ಯಜಮಾನರು ಮುಂಗಡ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ನಮ್ಮ ದೊಡ್ಡಪ್ಪ ಮೇಳದಲ್ಲಿ ಮದ್ದಳೆಗೆ ಇದ್ದವರು. ಆ ಮೇಳದವರು ಇವರನ್ನು ಮಾತಾಡಿಸಿದರಂತೆ ಎಂಬ ಗಾಳಿಮಾತಿಗೇ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಜಾಗದಲ್ಲಿ, ಒಂದು ವಾರ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು ಎಂದು ಹೇಳುತ್ತಿದ್ದರು.

ಆದರೆ ನಮ್ಮವರು ಆ ಪೈಪೋಟಿಗೆ ಒಂದು ಜಾಗ ಮಾಡಿಕೊಟ್ಟಿದ್ದರು: ಜೋಡಾಟ. ಒಂದೇ ಬಯಲು, ಪಕ್ಕಪಕ್ಕ ಎರಡು ರಂಗಸ್ಥಳ, ಒಂದೇ ಪ್ರಸಂಗ. ಎರಡೂ ಕಡೆ ಚಂಡೆ. ಯಾರ ಪದ್ಯ ಮೇಲೆ, ಯಾರ ಕುಣಿತ ಮೇಲೆ ಎಂದು ಸಾವಿರ ಜನರ ಎದುರಿಗೆ ತೀರ್ಮಾನ. ಕದ್ದುಮುಚ್ಚಿ ಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಕೂಡಾಟ ಎಂದರೆ ಇನ್ನೂ ಚಂದ, ಎರಡು ಮೇಳದವರು ಒಂದೇ ರಂಗಸ್ಥಳದಲ್ಲಿ. ನಿನ್ನೆ ಎದುರು ಕುಣಿದವನು ಇವತ್ತು ನಿನಗೇ ಅರ್ಜುನ.

ಅಘನಾಶಿನಿ ಸಿಂಪಿ

ಜೋಡಾಟದಲ್ಲಿ ಕಥೆ ಹೋಗಿ ಬರೀ ಕುಣಿತ ಉಳಿಯಿತು ಎಂದು ಹಿರಿಯರು ಬೈಯುತ್ತಿದ್ದರು, ಅದನ್ನೂ ಹೇಳಿ. ಎದುರಿನವನು ಮಂಡಿಯೂರಿ ಹತ್ತು ಸುತ್ತು ತಿರುಗಿದರೆ ಇವನು ಹದಿನೈದು. ಮಾತುಗಾರಿಕೆಗೆ ಜಾಗವೇ ಇಲ್ಲ.

ಚೌಕಿ ದೀಪ, ಹೊನ್ನಾವರ

ಅದು ನಿಜ, ಒಪ್ಪುತ್ತೇನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಆ ಮೇಳಕ್ಕೆ ಹೆಸರು ಬಂದಿದ್ದು ಅಭಿನಯ ಮತ್ತು ಮಾತಿನಿಂದ. ಎದುರಾಳಿಗಿಂತ ಜೋರಾಗಿ ಕುಣಿಯುವುದೇ ಗೆಲುವಲ್ಲ. ನಾನು ಹೇಳಿದ್ದು ಬೇರೆ, ಜಗಳ ಬೆಳಕಿನಲ್ಲಿ ಇರಲಿ ಎಂದು.

ಬಿಡಕಿಬೈಲ್ ಚಹಾ, ಶಿರಸಿ

ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ನಾಟಕ ಕಂಪನಿಗಳು ಟೆಂಟ್ ಹಾಕುತ್ತಿದ್ದ ಜಾಗದ ಹಿಂದೆಯೇ ನನ್ನ ಅಪ್ಪನ ಚಹಾದ ಅಂಗಡಿ ಇರುತ್ತಿತ್ತು. ಸಂಜೆ ಆದರೆ ಎರಡೂ ಕಂಪನಿಯ ಮೈಕು ಒಂದರ ಮೇಲೊಂದು ಕೂಗುತ್ತಿದ್ದವು. ಈ ಕಂಪನಿಯ ಮ್ಯಾನೇಜರ್ ಚಹಾ ಕುಡಿಯಲು ಬಂದರೆ ಅಪ್ಪನ ಹತ್ತಿರ ಮೊದಲು ಕೇಳುವುದು, "ನಿನ್ನೆ ಅವರ ಕಡೆ ಎಷ್ಟು ಜನ?" ಆ ಕಂಪನಿಯವರೂ ಅದೇ ಪ್ರಶ್ನೆ. ಅಪ್ಪ ಇಬ್ಬರಿಗೂ "ನಿಮ್ಮಷ್ಟೇ" ಎನ್ನುತ್ತಿದ್ದರು. ಒಂದು ಸಲ ಅಕಾಲ ಮಳೆ ಬಂದು ಎರಡೂ ಟೆಂಟಿನೊಳಗೆ ನೀರು ನುಗ್ಗಿದಾಗ, ಎರಡೂ ಕಂಪನಿಯ ಅಡುಗೆ ಒಂದೇ ಒಲೆಯ ಮೇಲೆ ಆಗಿತ್ತು. ಕಲಾವಿದರಿಗೆ ವೈರ ಇರಲಿಲ್ಲ. ಗಲ್ಲಾ ಪೆಟ್ಟಿಗೆ ಕಾಯುವವರಿಗೆ ಮಾತ್ರ ಇತ್ತು.

ದೂರದ ಮಗ

ನಾನು ಹೊರದೇಶದಲ್ಲಿದ್ದೇನೆ, ಊರು ಕಾರವಾರದ ಹತ್ತಿರ. "ಬೆಂಕಿ ಬಿದ್ದರೆ" ಎಂಬ ಮಾತು ಓದಿ ಕೈ ನಿಲ್ಲಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸೋಮೆನ್ ಬ್ಯಾನರ್ಜಿ ಎಂಬ ಹೆಸರು ಕೇಳಿದ್ದೀರಾ? ಮುಂಬೈಯಲ್ಲಿ ಹುಟ್ಟಿದವನು. ಅಮೆರಿಕಕ್ಕೆ ಹೋಗಿ ಪೆಟ್ರೋಲ್ ಬಂಕ್ ನಡೆಸಿ, 1970ರ ದಶಕದಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆಯದ ಒಂದು ಕ್ಲಬ್ ಕೊಂಡ. 1979ರಲ್ಲಿ ಅಲ್ಲಿ ಹೆಂಗಸರಿಗಾಗಿ ಗಂಡಸರ ನೃತ್ಯದ ಶೋ ಶುರುವಾಯಿತು. ಹೆಸರು ಚಿಪ್ಪೆಂಡೇಲ್ಸ್. ಜನ ಸಾಲು ನಿಂತರು. ಶೋವನ್ನು ಚಂದ ಮಾಡಿ ಕಟ್ಟಲು ನಿಕ್ ಡಿ ನೋಯಾ ಎಂಬ ನೃತ್ಯ ನಿರ್ದೇಶಕ ಬಂದ. ಮಕ್ಕಳ ಟಿವಿ ಕಾರ್ಯಕ್ರಮಕ್ಕೆ ಎಮ್ಮಿ ಪ್ರಶಸ್ತಿ ತೆಗೆದುಕೊಂಡವನು. ನ್ಯೂಯಾರ್ಕ್‌ನಲ್ಲೂ ಕ್ಲಬ್ ತೆರೆಯಿತು, ತಂಡ ಊರೂರು ತಿರುಗಿತು.

ಒಪ್ಪಂದ ಎಲ್ಲಿ ಬರೆದಿದ್ದರು ಗೊತ್ತಾ? ಕೈ ಒರೆಸುವ ಕಾಗದದ ಮೇಲೆ. ಊರೂರು ತಿರುಗುವ ಶೋದ ಹಕ್ಕು, ಅರ್ಧ ಪಾಲು, ಯಾವತ್ತಿಗೂ. ಬ್ಯಾನರ್ಜಿ ಸಹಿ ಹಾಕಿಬಿಟ್ಟ. ತಿರುಗುವ ಶೋದಲ್ಲೇ ದುಡ್ಡು ಸುರಿಯತೊಡಗಿದಾಗ, ಟಿವಿಯವರು ನಿಕ್ ಅವನನ್ನೇ "ಮಿಸ್ಟರ್ ಚಿಪ್ಪೆಂಡೇಲ್ಸ್" ಎಂದು ಕರೆದಾಗ, ಇವನಿಗೆ ತಡೆಯಲಾಗಲಿಲ್ಲ. ಎದುರಾಳಿ ಕ್ಲಬ್ಬುಗಳಿಗೆ ಬೆಂಕಿ ಹಚ್ಚಿಸಲು ಜನ ಕಳಿಸಿದ್ದ. ಕೊನೆಗೆ 1987ರ ಏಪ್ರಿಲ್ 7ರಂದು ನಿಕ್‌ನನ್ನು ಅವನ ಆಫೀಸಿನಲ್ಲೇ ಗುಂಡು ಹೊಡೆದು ಕೊಂದರು. ಕೊಲ್ಲಿಸಿದ್ದು ಬ್ಯಾನರ್ಜಿ.

ಬೆಳ್ಳಿ ಮೋಡ

ಅಮೆರಿಕದ ಪೊಲೀಸರು ಅಲ್ವಾ, ವಾರದಲ್ಲಿ ಹಿಡಿದಿರಬೇಕು.

ದೂರದ ಮಗ

ಇಲ್ಲ ಅಣ್ಣ. ಹಿಡಿದಿದ್ದು 1993ರಲ್ಲಿ. ಆರು ವರ್ಷ ಏನೂ ಆಗದವನ ಹಾಗೆ ವ್ಯಾಪಾರ ಮಾಡಿಕೊಂಡಿದ್ದ. ಆದರೆ ಅನುಮಾನ ನಿಂತಿರಲಿಲ್ಲ. 1991ರಲ್ಲಿ ತನ್ನ ಹಳೇ ಡ್ಯಾನ್ಸರ್‌ಗಳು ಬೇರೆ ತಂಡ ಸೇರಿ ಇಂಗ್ಲೆಂಡಿನಲ್ಲಿ ಶೋ ಮಾಡುತ್ತಿದ್ದಾರೆ ಎಂದು ಅವರನ್ನು ಕೊಲ್ಲಲು ಸೈನೈಡ್ ಕೊಟ್ಟು ಒಬ್ಬನನ್ನು ಕಳಿಸಿದ್ದ. ಹೋದವನು ಹೆದರಿ ಎಫ್‌ಬಿಐಗೆ ಹೇಳಿದ. ಅಲ್ಲಿಂದ ಗಂಟು ಬಿಚ್ಚಿತು. ಬ್ಯಾನರ್ಜಿ ತಪ್ಪೊಪ್ಪಿಕೊಂಡ. 1994ರ ಅಕ್ಟೋಬರ್‌ನಲ್ಲಿ ಶಿಕ್ಷೆ ಓದುವ ದಿನವೇ, ಓದುವುದಕ್ಕೆ ಮೊದಲು, ಜೈಲಿನ ಕೋಣೆಯಲ್ಲಿ ಜೀವ ಕಳೆದುಕೊಂಡ.

ಬಿಟ್ಟುಹೋದ ಹುಡುಗ ಅದೇ ಶೋ ಮಾಡುತ್ತಿದ್ದಾನೆ ಎಂಬ ಸಿಟ್ಟು, ಬೆಂಕಿಯ ಮಾತು, ಸರಿಯಾಗಿ ಬರೆದಿಡದ ಪಾಲು. ನಿಮ್ಮ ಗೆಳೆಯ ಅಂಥವನು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಮಾತು ಕೇಳಿ ಸುಮ್ನೆ ಇರಬೇಡಿ.

ಕಾಳಿ ಸಂಗಮ

ಎಲ್ಲಿಯ ಲಾಸ್ ಏಂಜಲಿಸ್, ಎಲ್ಲಿಯ ಅಂಕೋಲಾ. ನಮ್ಮಲ್ಲಿ ಹಾಗೆಲ್ಲ ಆಗುವುದಿಲ್ಲ.

ಪೋಳೆಂ ಗಡಿ

ಆಗುವುದಿಲ್ಲ ಎಂದು ಯಾರು ಹೇಳಿದರು? ನಾನು ಸದಾಶಿವಗಡದವನು, ಏಳು ವರ್ಷ ಗೋವಾದಲ್ಲಿ ರಾತ್ರಿ ಕೆಲಸ ಮಾಡಿದ್ದೇನೆ. ಮೊದಲು ಬೀಚಿನ ಕ್ಲಬ್, ಆಮೇಲೆ ಮಾಂಡೋವಿ ನದಿಯ ಕ್ಯಾಸಿನೊ ಹಡಗು. ಎರಡರ ವ್ಯತ್ಯಾಸ ಹೇಳುತ್ತೇನೆ.

ಕ್ಲಬ್ಬಿನ ಮಾಲೀಕನಿಗೆ ನಮ್ಮ ಮೇಲೆ ಅನುಮಾನ. ಒಂದು ದಿನ ಬಾರ್‌ನವನ ಜೇಬು ಹುಡುಕುತ್ತಿದ್ದ, ಇನ್ನೊಂದು ದಿನ ಡಿಜೆಯ ಬ್ಯಾಗು. ಯಾರ ಸರದಿ ಯಾವತ್ತು ಎಂದು ಗೊತ್ತಿರಲಿಲ್ಲ. ಇವತ್ತು ನಿನ್ನನ್ನು ಹುಡುಕಿದರು, ಏನೋ ಇದೆ ಎಂದು ನಾವೇ ಮಾತಾಡಿಕೊಳ್ಳುತ್ತಿದ್ದೆವು. ಒಂದೇ ಸೀಸನ್ನಿನಲ್ಲಿ ಅರ್ಧ ಜನ ಬಿಟ್ಟರು. ಹಡಗಿನಲ್ಲಿ ಕ್ಯಾಮೆರಾ ನೂರು ಪಟ್ಟು ಜಾಸ್ತಿ. ಡೀಲರ್ ಟೇಬಲ್ ಬಿಡುವಾಗ ಎರಡೂ ಕೈ ಬಿಡಿಸಿ ತೋರಿಸಬೇಕು. ಆದರೆ ಅದು ಎಲ್ಲರಿಗೂ, ದಿನಾ. ಮ್ಯಾನೇಜರ್‌ಗೂ ಅದೇ ನಿಯಮ. ಯಾರಿಗೂ ಅವಮಾನ ಅನಿಸುತ್ತಿರಲಿಲ್ಲ.

ನಿಮ್ಮ ಗೋಡೌನಿನ ಕ್ಯಾಮೆರಾ ತಪ್ಪಲ್ಲ. ಒಬ್ಬನ ಮೊಬೈಲಿಗೆ ಮಾತ್ರ ಕಾಣುವುದು ತಪ್ಪು.

ಸಮಿತಿ ಖಜಾಂಚಿ

ರೇಟ್ ಹೇಗೆ ಹೊರಗೆ ಹೋಗುತ್ತದೆ ಎಂದು ನಾನು ಹೇಳುತ್ತೇನೆ. ನಾವೇ ಹೇಳುವುದು.

ಆರು ವರ್ಷದಿಂದ ನಮ್ಮ ಊರಿನ ಗಣೇಶೋತ್ಸವದ ಲೆಕ್ಕ ನನ್ನ ಹತ್ತಿರ ಇದೆ. ಮೂರು ತಂಡದ ಕೊಟೇಷನ್ ತರಿಸುತ್ತೇವೆ. ಒಬ್ಬರದನ್ನು ಇನ್ನೊಬ್ಬರಿಗೆ ವಾಟ್ಸಾಪ್ ಮಾಡಿ "ಇವರು ಇಷ್ಟಕ್ಕೆ ಒಪ್ಪಿದ್ದಾರೆ, ನೀವು?" ಎಂದು ಕೇಳುತ್ತೇವೆ. ಪಟ್ಟಿ ಎತ್ತಿದ ದುಡ್ಡು, ನಾಲ್ಕು ಸಾವಿರ ಉಳಿದರೆ ಅನ್ನಸಂತರ್ಪಣೆಗೆ ಆಗುತ್ತದೆ. ಇದರಿಂದ ತಂಡದೊಳಗೆ ಹೀಗೆ ಜಗಳ ಹುಟ್ಟಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಓದಿ ನಿಜಕ್ಕೂ ಬೇಜಾರಾಯಿತು.

ಬಾಕ್ಸ್ ಕಟ್ಟುವವ, ಕುಮಟಾ

ಕೇಳಿದಿರಾ! ನಾನು 19 ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ.

ತಂಗಾಳಿ ಅಕ್ಕ

ಪೊಲೀಸರ ವಿಷಯ ಯಾರೂ ಮಾತಾಡಲಿಲ್ಲ. ನಮ್ಮ ಮನೆ ಮೈದಾನದ ಪಕ್ಕ. ಅತ್ತೆಗೆ 82 ವರ್ಷ, ಹೃದಯದ ತೊಂದರೆ ಇದೆ. ಬಾಸ್ ಹೊಡೆದರೆ ಕಿಟಕಿ ಗಾಜು ನಡುಗುತ್ತದೆ. ನಾನು ಎರಡು ಸಲ 112ಕ್ಕೆ ಫೋನ್ ಮಾಡಿದ್ದೇನೆ. ಯಾವ ತಂಡ ಎಂದು ನೋಡಿ ಮಾಡಿದ್ದಲ್ಲ. ಶಬ್ದ ಮಾಲಿನ್ಯದ ನಿಯಮ 2000ರಿಂದಲೇ ಇದೆ, ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬಕ್ಕೆ ಸರ್ಕಾರ 12ರ ತನಕ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ಸಮಿತಿಯವರು ಆ ಅನುಮತಿ ತೆಗೆದುಕೊಂಡಿದ್ದಾರಾ ಎಂದು ಅಡ್ವಾನ್ಸ್ ಪಡೆಯುವಾಗಲೇ ಕೇಳಿ. ಎಲ್ಲ ಫೋನೂ ಎದುರಾಳಿ ಮಾಡುವುದಲ್ಲ.

ಅಘನಾಶಿನಿ ಸಿಂಪಿ

ಹಾಗಾದರೆ ರಾತ್ರಿಯಿಡೀ ಯಕ್ಷಗಾನ ನೋಡುವವರು ಏನು ಮಾಡಬೇಕು ಅಕ್ಕ? ಕಾಲಮಿತಿ ಬಂದ ಮೇಲೆ ಬೆಳಗಿನ ಜಾವದ ಆಟವೇ ಹೋಯಿತು.

ತಂಗಾಳಿ ಅಕ್ಕ

ಚಂಡೆ ನನಗೂ ಇಷ್ಟ. ನಾಲ್ಕು ಬಾಸ್ ಬಾಕ್ಸ್ ಮತ್ತು ಚಂಡೆ ಒಂದೇ ಅಲ್ಲ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.

ಕರಿಕೋಟು, ಶಿರಸಿ

ವಕೀಲಿ ಮಾಡುತ್ತೇನೆ. ಕಾನೂನಿನ ಮಾತು ಹೇಳುತ್ತೇನೆ, ಆಮೇಲೆ ನಿಮ್ಮ ಊರಿನ ವಕೀಲರ ಹತ್ತಿರ ಎದುರು ಕೂತು ಮಾತಾಡಿ.

ಕಾಗದ ಇಲ್ಲದಿದ್ದರೂ ನೀವಿಬ್ಬರೂ ಪಾಲುದಾರರೇ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ಬೇರೆ ಮಾತು ಆಗಿಲ್ಲದಿದ್ದರೆ ಲಾಭ, ನಷ್ಟ ಸಮಪಾಲು. ಲೆಕ್ಕದ ಪುಸ್ತಕ ನೋಡುವುದು, ನಕಲು ತೆಗೆದುಕೊಳ್ಳುವುದು ಪ್ರತಿ ಪಾಲುದಾರನ ಹಕ್ಕು. ಲೆಕ್ಕ ಬರೆದ ಡೈರಿಯನ್ನು ಸೀಟಿನ ಕೆಳಗೆ ಬಚ್ಚಿಡುವುದು ಅವನ ಸ್ವಾತಂತ್ರ್ಯ ಅಲ್ಲ. ನೋಂದಣಿ ಮಾಡಿಸದ ಪಾಲುದಾರಿಕೆಗೆ ಒಂದು ದೊಡ್ಡ ತೊಡಕಿದೆ: ಯಾರಾದರೂ ಬಾಕಿ ಕೊಡದಿದ್ದರೆ ಒಪ್ಪಂದದ ಮೇಲೆ ಸಂಸ್ಥೆಯ ಹೆಸರಲ್ಲಿ ದಾವೆ ಹಾಕಲು ಬರುವುದಿಲ್ಲ. ಮೊದಲು ಪತ್ರ ಬರೆಸಿ, ನೋಂದಣಿ ಮಾಡಿಸಿ.

ಬಿಟ್ಟುಹೋದ ಹುಡುಗನ ಬಗ್ಗೆ. ಕೆಲಸ ಬಿಟ್ಟ ಮೇಲೆ ಇದೇ ಉದ್ಯೋಗ ಮಾಡಬಾರದು ಎಂದು ನೀವು ಬರೆಸಿಕೊಂಡಿದ್ದರೂ ಅದು ನಿಲ್ಲುತ್ತಿರಲಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ಅದನ್ನು ಒಪ್ಪುವುದಿಲ್ಲ. ಅವನು ಬದುಕಬೇಕು, ಅಲ್ವಾ? ಆದರೆ ಹೆಸರು ಬೇರೆ ವಿಷಯ. ಮನರಂಜನೆ ಸೇವೆಗೆ ಟ್ರೇಡ್‌ಮಾರ್ಕ್‌ನಲ್ಲಿ 41ನೇ ವರ್ಗ ಇದೆ. ನಿಮ್ಮ ಹೆಸರು, ಚಿಹ್ನೆ ನೋಂದಣಿಗೆ ಹಾಕಿ. 11 ವರ್ಷದ ಪೋಸ್ಟರ್, ರಸೀದಿ ಇದ್ದರೆ ತೆಗೆದಿಡಿ, ನೀವೇ ಮೊದಲು ಎಂದು ತೋರಿಸಲು ಬೇಕು.

ಬೆಂಕಿಯ ಮಾತಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆ ಹುಡುಗನಿಗೇ ಹೀಗೆ ಹೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಬರುತ್ತದೆ. ನಾಳೆ ಅಲ್ಲಿ ತಂತಿ ತಾಗಿ ಕಿಡಿ ಹಾರಿದರೂ ಮೊದಲು ಕರೆಯುವುದು ನಿಮ್ಮಿಬ್ಬರನ್ನು. ಗೆಳೆಯನ ಎದುರಿಗೇ, ಸ್ಪಷ್ಟವಾಗಿ, ಈ ಮಾತು ಬೇಡ ಎಂದು ಹೇಳಿ.

ಕಾಳಿ ಸಂಗಮ

ನಾನು ಮೊದಲು ಬಿಟ್ಟುಬಿಡಿ ಎಂದಿದ್ದೆ. ಇಷ್ಟು ಓದಿದ ಮೇಲೆ ಹಾಗೆ ಹೇಳುವುದಿಲ್ಲ. ಅಪ್ಪನ ಆಪರೇಷನ್‌ಗೆ ಕೇಳದೇ ದುಡ್ಡು ಕೊಟ್ಟವನನ್ನು ಒಂದು ಸಲವಾದರೂ ಕೂರಿಸಿ ಮಾತಾಡಿ.

ಬೆಳ್ಳಿ ಮೋಡ

ಮಾತಾಡುವಾಗ ಮೂರನೆಯವರು ಒಬ್ಬರು ಇರಲಿ. ಇಬ್ಬರೇ ಕೂತರೆ ನೀನು ಹೀಗೆಂದೆ, ನಾನು ಹಾಗೆಂದೆ ಎಂದು ಇನ್ನೊಂದು ಜಗಳ ಆಗುತ್ತದೆ.

ಗೋಡೌನ್ ಬೀಗ, ಅಂಕೋಲಾ

ಹತ್ತು ದಿನ ಆಯಿತು. ಇಷ್ಟು ಜನ ಬರೆದಿದ್ದೀರಿ, ಸುದ್ದಿ ಹೇಳದೇ ಇರುವುದು ಸರಿಯಲ್ಲ.

ಕೇಬಲ್ ನೋಡಿದೆವು. ಎಳೆಗಳು ಉದ್ದ ಗಿಡ್ಡ, ರಬ್ಬರು ಚಪ್ಪಟೆ. ಸ್ಟೇಜಿನ ಪೈಪಿನ ಅಡಿ ಸಿಕ್ಕಿದ್ದು. ಹಾಗೆ ಹಾಸಿದವನು ನಾನೇ ಎಂದು ಆಗ ನೆನಪಾಯಿತು. ಅದನ್ನು ಅವನಿಗೆ ಹೇಳಿದೆ. ಟ್ಯಾಂಕಿನ ತಳದಿಂದ ಒಂದು ಬಾಟಲಿ ಇಳಿಸಿದೆವು. ಕಾಲು ಬಾಟಲಿ ನೀರೇ ಬಂತು, ಚೌತಿಯ ನಂತರ ಫಿಲ್ಟರ್ ಬದಲಿಸಿದ್ದರೂ. ಅವನು ಬಾಟಲಿ ಹಿಡಿದುಕೊಂಡು ತುಂಬಾ ಹೊತ್ತು ನೋಡಿದ.

ರೇಟಿನ ಮಾತು ಮಾತ್ರ ಅವನು ನಂಬಲಿಲ್ಲ. ಈ ಸಲ ನಮ್ಮನ್ನು ಬಿಟ್ಟು ಆ ಹುಡುಗನಿಗೆ ಕೊಟ್ಟ ಒಂದು ಸಮಿತಿಯ ಹಿರಿಯರಿಗೆ ಅವನ ಎದುರಿಗೇ ಫೋನ್ ಮಾಡಿದೆ, ಸ್ಪೀಕರ್ ಹಾಕಿ. "ಹೌದು ತಮ್ಮಾ, ನಿಮ್ಮ ಚೀಟಿ ಅವನಿಗೆ ತೋರಿಸಿದ್ದೆವು, ಅದರಲ್ಲೇನಿದೆ?" ಎಂದರು. ಫೋನ್ ಇಟ್ಟ ಮೇಲೆ ಇವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ನಾನು ಹೋಗಿ ಪಕ್ಕ ಕೂತೆ. "ನಿನ್ನ ಮೇಲೆ ಬಂದುಬಿಟ್ಟಿತ್ತು ಮಾರಾಯ" ಎಂದ, ಅಷ್ಟೇ. ಬೆಂಕಿಯ ಮಾತು ಇನ್ನೊಮ್ಮೆ ಬಾಯಲ್ಲಿ ಬಂದರೆ ನಾನು ಅವತ್ತೇ ಹೊರಗೆ ಎಂದು ಹೇಳಿದೆ. ತಲೆ ಆಡಿಸಿದ.

ಸೋಮವಾರ ವಕೀಲರ ಹತ್ತಿರ ಹೋಗುತ್ತೇವೆ. ಅವನ ಮಾವ ಬರುತ್ತಾರೆ, ನಮ್ಮ ಕಡೆಯಿಂದ ನನ್ನ ಅಕ್ಕ. ಡೈರಿ ಈಗ ಗೋಡೌನಿನ ಮೊಳೆಗೆ ನೇತಾಡುತ್ತಿದೆ. ಗಾಯಕರ ಮೊಬೈಲು ವಾಪಸ್ ಕೊಟ್ಟಾಯಿತು. ಕ್ಯಾಮೆರಾದ ಪಾಸ್‌ವರ್ಡ್ ಇನ್ನೂ ಕೊಟ್ಟಿಲ್ಲ. ಕೇಳುತ್ತೇನೆ. ಆ ಹುಡುಗನ ಜೊತೆ ಮಾತಾಡಲು ಇವನು ಇನ್ನೂ ತಯಾರಿಲ್ಲ, ಒತ್ತಾಯ ಮಾಡಲಿಲ್ಲ.

ಚೌಕಿ ದೀಪ, ಹೊನ್ನಾವರ

ಆ ಹುಡುಗನನ್ನು ಕೂಡಾಟಕ್ಕೆ ಕರೆಯುವ ದಿನವೂ ಬರಲಿ.

ಬಾಕ್ಸ್ ಕಟ್ಟುವವ, ಕುಮಟಾ

ಮುಂದಿನ ಮಳೆಗಾಲಕ್ಕೆ ಮೊದಲು ಟ್ಯಾಂಕ್ ಕುತ್ತಿಗೆ ತನಕ ತುಂಬಿಸಿ ಇಡಿ. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ, ಫಿಲ್ಟರ್ ಕೆಳಗಿನ ಬೌಲ್‌ನ ನೀರು ಬಿಡಿ. ಕೇಬಲ್ ಹಾಸುವಾಗ ಇಬ್ಬರೂ ಒಮ್ಮೆ ನಡೆದು ನೋಡಿ.

ಗೋಡೌನ್ ಬೀಗ, ಅಂಕೋಲಾ

ಆಗಲಿ ಅಣ್ಣ. ಶನಿವಾರ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆ ಕಾರ್ಯಕ್ರಮ ಇದೆ. ಇಬ್ಬರೂ ಒಂದೇ ಗಾಡಿಯಲ್ಲಿ ಹೋಗುತ್ತಿದ್ದೇವೆ.